ಬಾಗಿದ ಹೊತ್ತು, ಎತ್ತುವ ಗಳಿಗೆ

ಕೇಳುಗರಿಗೆ ನಮಸ್ಕಾರ.

ಒಂದು ಖಾಲಿ ಕುಂಡ ನನ್ನನ್ನು ನಾಲ್ಕು ದಿನ ಹಾಸಿಗೆಗೆ ಕೆಡವಿತ್ತು. ಅದರ ತೂಕ ಎರಡು ಕಿಲೋ ಕೂಡ ಇರಲಿಲ್ಲ. ಅದಕ್ಕೂ ಮುಂಚೆ ಮುಕ್ಕಾಲು ಗಂಟೆ ಪಾತಿಯ ಮೇಲೆ ಬಾಗಿ ಕಳೆ ಕಿತ್ತಿದ್ದೆ. ಆಗ ನೋವಿನ ಸುಳಿವೂ ಇರಲಿಲ್ಲ. ಕಿತ್ತ ಹುಲ್ಲನ್ನು ಗುಡ್ಡೆ ಹಾಕಿ, ಬಾಗಿದ ಹಾಗೆಯೇ ಪಕ್ಕಕ್ಕೆ ಹೊರಳಿ, ಕುಂಡದ ಅಂಚಿಗೆ ಕೈ ಹಾಕಿ ಎಳೆದೆ. ಸೊಂಟದ ಎಡಗಡೆ ಛಳಕ್ಕೆಂದಿತು. ನೆಟ್ಟಗಾಗಲು ಬೇಲಿಯ ಗೂಟ ಹಿಡಿಯಬೇಕಾಯಿತು.

ಅಷ್ಟು ಹಗುರವಾದದ್ದನ್ನು ಎತ್ತಿ ಹೀಗಾಯಿತೇ ಎಂದು ನೋಡಲು ಬಂದವರೆಲ್ಲ ಕೇಳಿದರು. ಕುಂಡವನ್ನು ದೂರಿ ಫಲವಿಲ್ಲ. ಕೆಡುಕು ಅದಕ್ಕೂ ಹಿಂದಿನ ಮುಕ್ಕಾಲು ಗಂಟೆಯಲ್ಲೇ ಶುರುವಾಗಿತ್ತು.

ನಮ್ಮ ಸೊಂಟದಲ್ಲಿ ಐದು ಕಶೇರುಗಳಿವೆ, ಅಂದರೆ ಬೆನ್ನುಮೂಳೆಯ ಮಣಿಗಳು. ಅವುಗಳ ನಡುವೆ ಮೆತ್ತೆಯಂತಹ ಡಿಸ್ಕುಗಳು, ಹಿಂಬದಿಯಲ್ಲಿ ಮೂಳೆಗಳನ್ನು ಬಿಗಿದಿಡುವ ರಜ್ಜುಗಳು. ಬಹಳ ಹೊತ್ತು ಬಾಗಿಯೇ ಇದ್ದರೆ ಈ ರಜ್ಜುಗಳು ನಿಧಾನವಾಗಿ ಹಿಗ್ಗುತ್ತವೆ. ನೆಟ್ಟಗೆ ನಿಂತ ಮಾತ್ರಕ್ಕೆ ಹಳೆಯ ಬಿಗಿ ಮರಳುವುದಿಲ್ಲ, ಅದಕ್ಕೆ ಸಮಯ ಬೇಕು. ಅಷ್ಟರೊಳಗೆ ಭಾರ ಎತ್ತಿದರೆ, ಅದರಲ್ಲೂ ಸೊಂಟ ತಿರುಚಿ ಎತ್ತಿದರೆ, ಬೆನ್ನಿಗೆ ಕಾವಲೇ ಇಲ್ಲದಂತಾಗುತ್ತದೆ. ಹಾಗಾಗಿ ಕಳೆ ಕಿತ್ತ ಕೂಡಲೇ ಏನನ್ನೂ ಎತ್ತಬೇಡಿ. ಎದ್ದು ನಿಲ್ಲಿ, ಎರಡೂ ಅಂಗೈಗಳನ್ನು ಸೊಂಟದ ಹಿಂದೆ ಒತ್ತಿ ಮೆಲ್ಲಗೆ ಹಿಂದಕ್ಕೆ ವಾಲಿ, ಕೆಲವು ನಿಮಿಷ ತೋಟದಲ್ಲೇ ಓಡಾಡಿ. ಆಮೇಲೆ ಕುಂಡಕ್ಕೆ ಕೈ ಹಾಕಿ.

ಎತ್ತುವಾಗ ತೂಕಕ್ಕಿಂತ ದೂರವನ್ನು ನೋಡಿ. ಬೆನ್ನನ್ನು ಎಳೆದು ನಿಲ್ಲಿಸುವ ಸ್ನಾಯುಗಳು ಬೆನ್ನುಮೂಳೆಗೆ ತೀರ ಹತ್ತಿರ, ಸುಮಾರು 5 ಸೆಂಟಿಮೀಟರ್ ಹಿಂದೆ ಇವೆ. 10 ಕಿಲೋ ಗೊಬ್ಬರದ ಚೀಲವನ್ನು ಕೈ ಚಾಚಿ 50 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, ಆ ಸ್ನಾಯುಗಳು ಹೆಚ್ಚುಕಡಿಮೆ 100 ಕಿಲೋ ತೂಕಕ್ಕೆ ಸಮನಾದ ಬಲ ಹಾಕಬೇಕಾಗುತ್ತದೆ. ಬಾಗಿದ ಮೈಯ ತೂಕ ಬೇರೆ. ಅದೇ ಚೀಲವನ್ನು ಹೊಟ್ಟೆಗೆ ಅವುಚಿಕೊಂಡರೆ ಈ ಹೊರೆ ಅರ್ಧಕ್ಕೆ ಇಳಿಯುತ್ತದೆ. ತಿರುಗಬೇಕಾದಾಗ ಪಾದಗಳನ್ನೇ ತಿರುಗಿಸಿ. ಹತ್ತು ಲೀಟರಿನ ಒಂದೇ ಬಕೆಟ್ ಬೇಡ, ಐದೈದು ಲೀಟರಿನ ಎರಡು ಕ್ಯಾನ್‌ಗಳು ಎರಡು ಕೈಗಳಲ್ಲಿರಲಿ.

ಇನ್ನು ಬೆಳಗಿನ ಮಾತು. ರಾತ್ರಿ ಮಲಗಿದ್ದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವಿರುವುದು ಈ ಕಾರಣಕ್ಕೇ. ಉಬ್ಬಿದ ಡಿಸ್ಕಿಗೆ ಪೂರ್ತಿ ಬಾಗುವುದು ಹೆಚ್ಚು ತ್ರಾಸ. ಆದ್ದರಿಂದ ಎದ್ದ ಮೊದಲ ಗಂಟೆಯಲ್ಲಿ ನಿಂತು ಮಾಡುವ ಕೆಲಸ ಹಚ್ಚಿಕೊಳ್ಳಿ: ಪೈಪಿನಿಂದ ನೀರು ಬಿಡುವುದು, ಬಳ್ಳಿ ಕಟ್ಟುವುದು, ಒಣಗಿದ ಹೂ ಚಿವುಟುವುದು. ನೀರು ಕುಡಿದ ಮಣ್ಣು ಅಷ್ಟರಲ್ಲಿ ಮೆತ್ತಗಾಗಿರುತ್ತದೆ. ಒಣ ನೆಲದಲ್ಲಿ ಬೆನ್ನು ಜಗ್ಗಿದರೂ ಬಾರದ ಬೇರು, ಬುಡ ಹಿಡಿದು ಸ್ವಲ್ಪ ಅಲುಗಿಸಿ ಎಳೆದರೆ ಮಣ್ಣು ಉದುರಿಸುತ್ತ ಇಡಿಯಾಗಿ ಬರುತ್ತದೆ. ನನಗೆ ತೋಟದಲ್ಲಿ ಅತ್ಯಂತ ಇಷ್ಟವಾದ ಗಳಿಗೆ ಅದು.

ಕುಕ್ಕರುಗಾಲಿನಲ್ಲಿ ಕುಳಿತರೆ ಬೆನ್ನು ಉಳಿಯುತ್ತದೆ ಎನ್ನುವವರಿದ್ದಾರೆ. ಐದು ನಿಮಿಷಕ್ಕೆ ಸರಿ, ಅರ್ಧ ಗಂಟೆಗೆ ಮೊಣಕಾಲು ಒಪ್ಪುವುದಿಲ್ಲ. ದಪ್ಪ ಗೋಣಿಯನ್ನು ಮಡಿಸಿ ಹಾಸಿ ಒಂದು ಮೊಣಕಾಲೂರಿ, ಒಂದು ಕೈಯನ್ನು ನೆಲಕ್ಕೆ ಕೊಟ್ಟು ಕೆಲಸ ಮಾಡುವುದು ನನಗೆ ಹೆಚ್ಚು ಹಿಡಿಸಿದೆ. ಕೈ ಚಾಚುವ ಬದಲು ಗೋಣಿಯನ್ನೇ ಮುಂದಕ್ಕೆ ಸರಿಸುತ್ತೇನೆ. ಹದಿನೈದು ನಿಮಿಷಕ್ಕೆ ಮೊಬೈಲ್ ಗಂಟೆ ಬಾರಿಸುತ್ತದೆ, ಎದ್ದುಬಿಡುತ್ತೇನೆ, ಇನ್ನೊಂದೇ ಸಾಲು ಉಳಿದಿದ್ದರೂ. ಸಲಿಕೆಗೆ ಉದ್ದನೆಯ ಹಿಡಿ ಹಾಕಿಸಿದ್ದೇನೆ.

ಇಷ್ಟಾದರೂ ಸೊಂಟ ಹಿಡಿದುಕೊಂಡರೆ, ನಾನು ಮಾಡಿದಂತೆ ದಿನಗಟ್ಟಲೆ ಮಲಗಬೇಡಿ. ಮೈ ಒಪ್ಪಿದಷ್ಟು, ಮನೆಯೊಳಗಾದರೂ ನಡೆದಾಡಿ. ಸಾಮಾನ್ಯ ಉಳುಕು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ನೋವು ಕಾಲಿಗಿಳಿದು ಕಾಲಿನ ಬಲ ಕುಗ್ಗುತ್ತಿದ್ದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶವೇ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ನಾಳೆ ನೋಡೋಣ ಎನ್ನದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.

ನಮಸ್ಕಾರ.