ಹೂಳೆತ್ತುವ ಮುನ್ನ ಒಂದು ಕೊಳವೆ ಕೆಸರು

ಸಭೆಯಲ್ಲಿರುವ ಹಿರಿಯರಿಗೂ ಅಧ್ಯಾಪಕ ಮಿತ್ರರಿಗೂ ವಿದ್ಯಾರ್ಥಿಗಳಿಗೂ ನಮಸ್ಕಾರ.

ನಾವು ಸೇರಿರುವ ಈ ಊರಿಗೆ ಹೆಸರು ಬಂದದ್ದೇ ಒಂದು ಕೆರೆಯಿಂದ. ಮಣ್ಣಪಳ್ಳ ಎಂಬುದು ಮಣಿಪಾಲವಾದ ಕಥೆ ನಿಮಗೆಲ್ಲ ತಿಳಿದದ್ದೇ. ಪಳ್ಳದ ಬಗ್ಗೆ ಮಾತನಾಡುವವರು ಬಹಳ ಮಂದಿ ಇದ್ದಾರೆ. ನಾನು ಅದರ ತಳದ ಮಣ್ಣಿನ ಬಗ್ಗೆ ಮಾತನಾಡಲು ಬಂದಿದ್ದೇನೆ. ಏಪ್ರಿಲ್ ಮುಗಿಯುತ್ತಾ ಬಂತು. ಇನ್ನು ಮಳೆ ಹಿಡಿಯುವವರೆಗೆ ಜಿಲ್ಲೆಯ ಕೆರೆ, ಮದಕಗಳಲ್ಲಿ ಹೂಳೆತ್ತುವ ಕೆಲಸ ನಡೆಯುತ್ತದೆ. ನಾನು ಆ ಕೆಲಸವನ್ನು ವಿರೋಧಿಸುವವನಲ್ಲ. ನೀರು ನಿಲ್ಲಬೇಕಾದರೆ ಹೂಳು ಹೋಗಲೇಬೇಕು. ನನ್ನ ಕೋರಿಕೆ ಇಷ್ಟೇ: ಯಂತ್ರ ಇಳಿಯುವ ಮೊದಲು ಕೆರೆಯ ಆಳವಾದ ಜಾಗದಲ್ಲಿ ಒಂದು ಕೊಳವೆಯನ್ನು ನೆಟ್ಟಗೆ ಇಳಿಸಿ, ಪದರ ಕದಡದಂತೆ ಒಂದು ಮೀಟರ್ ಕೆಸರನ್ನು ಎತ್ತಿಟ್ಟುಕೊಳ್ಳೋಣ.

ಈ ಆತುರಕ್ಕೆ ಕಾರಣವಿದೆ. ವರ್ಷದ ಮೇಲೆ ವರ್ಷ ಕೂತ ಆ ಪದರಗಳಲ್ಲಿ ಕೆರೆ ಯಾವಾಗ, ಯಾವುದರಿಂದ ಕೆಟ್ಟಿತೆಂಬ ದಾಖಲೆಯಿದೆ; ಯಂತ್ರ ಇಳಿದರೆ ಅದು ಅಳಿಯುತ್ತದೆ. ನಮ್ಮ ಕೆರೆಗಳನ್ನು ಕೆಡಿಸುತ್ತಿರುವ ಪೋಷಕಾಂಶಗಳಲ್ಲಿ ಎರಡು ಮುಖ್ಯವಾದವು, ಸಾರಜನಕ ಮತ್ತು ರಂಜಕ. ಸಾರಜನಕ ಅನಿಲವಾಗಿ ಗಾಳಿಗೆ ಮರಳಬಲ್ಲದು. ರಂಜಕಕ್ಕೆ ಆ ದಾರಿಯಿಲ್ಲ. ಶೌಚಗುಂಡಿಯಿಂದಲೋ ಸಾಬೂನಿನ ಪುಡಿಯಿಂದಲೋ ತೋಟದ ಗೊಬ್ಬರದಿಂದಲೋ ಒಮ್ಮೆ ನೀರಿಗೆ ಬಂದರೆ ಪಾಚಿಯ ಮೈ ಸೇರಿ, ಪಾಚಿ ಸತ್ತಾಗ ತಳಕ್ಕೆ ಇಳಿಯುತ್ತದೆ. ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 226ನೇ ಸಂಖ್ಯೆಯ ಸರೋವರದ ನಡುವೆ ಪರದೆ ಕಟ್ಟಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು, ಇನ್ನೊಂದು ಭಾಗಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗವೊಂದೇ ಪಾಚಿಗಟ್ಟಿ ಹಸಿರಾಯಿತು. ಆಕಾಶದಿಂದ ತೆಗೆದ ಆ ಚಿತ್ರವನ್ನು ಇಲ್ಲಿನ ವಿದ್ಯಾರ್ಥಿಗಳು ಪಾಠದಲ್ಲಿ ನೋಡಿರಬಹುದು.

ಈಗ ನನ್ನ ಕೊಳವೆಯ ಕಥೆ. ಕೆಲವು ವರ್ಷಗಳ ಹಿಂದೆ ಉಡುಪಿಯ ಹತ್ತಿರದ ಒಂದು ಹಳ್ಳಿಯ ಕೆರೆಗೆ ನಾವು ಮೂವರು ಹೋಗಿದ್ದೆವು. ಮುರಕಲ್ಲಿನ ಮೆಟ್ಟಿಲುಗಳ, ಒಂದು ಕಡೆಯಿಂದ ತೋಡು ಬಂದು ಸೇರುವ ಕೆರೆ. ಬೇಸಗೆಯಲ್ಲೂ ನಡುವೆ ಆಳುದ್ದ ನೀರು. ಎರಡು ಸಣ್ಣ ದೋಣಿಗಳನ್ನು ಜೋಡಿಸಿ ಕಟ್ಟಿ, ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಕೈಯಿಂದಲೇ ಒತ್ತಿ ಇಳಿಸಿ, ಮೇಲಿನ ಬಾಯಿಗೆ ರಬ್ಬರ್ ಬಿರಡೆ ಬಿಗಿದು ಮೆಲ್ಲನೆ ಎಳೆದೆವು. ಮೇಲೆ ಬಂದಾಗ ಕೊಳವೆಯಲ್ಲಿ ಮೂರು ಬಣ್ಣಗಳಿದ್ದವು. ಮೇಲಿನ ಒಂದೂವರೆ ಗೇಣು ಮಸಿಗಪ್ಪು. ಬಿರಡೆ ಸಡಿಲಿಸಿದರೆ ಕೊಳೆತ ಮೊಟ್ಟೆಯ ವಾಸನೆ. ಅದರ ಕೆಳಗೆ ಎರಡು ಬೆರಳು ದಪ್ಪದ ಕೆಂಪು ಪಟ್ಟಿ. ಇನ್ನೂ ಕೆಳಗೆ ತರಗೆಲೆಯ ಚೂರುಗಳಿರುವ ಕಂದು ಮಣ್ಣು, ಅದಕ್ಕೆ ಯಾವ ವಾಸನೆಯೂ ಇಲ್ಲ.

ದಡದ ಮನೆಯ ಅಜ್ಜಿಯೊಬ್ಬರು ಸೊಪ್ಪಿನ ಹೊರೆ ಇಳಿಸಿ ನಮ್ಮನ್ನೇ ನೋಡುತ್ತಿದ್ದರು. "ಎಂತ ಮಾರಾಯ್ರೆ, ಕೆಸರನ್ನು ಹೀಗೆ ಜೋಪಾನ ಮಾಡುವುದು?" ಎಂದು ಹತ್ತಿರ ಬಂದರು. ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟು ಅವರು ಹೇಳಿದ ಮಾತು ಇದು: "ಇದು ಗುಡ್ಡೆ ಕಡಿದ ವರ್ಷದ ಮಣ್ಣು. ರಸ್ತೆ ಮಾಡ್ಲಿಕ್ಕೆ ಕಡಿದದ್ದು. ಆ ಮಳೆಗಾಲ ತೋಡಿನಲ್ಲಿ ಕೆಂಪು ನೀರೇ ಬಂದದ್ದು, ಬಟ್ಟೆ ಒಗೆಯಲಿಕ್ಕೆ ಸಹ ಆಗ್ಲಿಲ್ಲ." ಯಾವ ವರ್ಷ ಎಂದು ಕೇಳಿದೆವು. ಎರಡನೇ ಮಗಳ ಮದುವೆಯ ವರ್ಷ ಎಂದರು. ಒಳಗೆ ಹೋಗಿ ಟ್ರಂಕಿನಿಂದ ಮದುವೆಯ ಕಾಗದವನ್ನೇ ಹುಡುಕಿ ತಂದರು. ಅದರಲ್ಲಿ 1984 ಎಂದಿತ್ತು.

ಪ್ರಯೋಗಾಲಯದಲ್ಲಿ ಕೆಸರಿನ ವಯಸ್ಸನ್ನು ಲೆಕ್ಕ ಹಾಕುವುದು ಸೀಸ-210 ಎಂಬ ವಿಕಿರಣಶೀಲ ಸೀಸದಿಂದ. ನೆಲದ ಕಲ್ಲುಮಣ್ಣಿನಿಂದ ಹೊರಡುವ ರೇಡಾನ್ ಅನಿಲ ಗಾಳಿಯಲ್ಲಿ ಕ್ಷಯಿಸಿ ಈ ಸೀಸವಾಗುತ್ತದೆ, ಮಳೆಯೊಂದಿಗೆ ಇಳಿದು ಕೆರೆಯ ತಳ ಸೇರುತ್ತದೆ, ಸುಮಾರು 22 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಹೀಗೆ ಹಿಂದಿನ 100-150 ವರ್ಷಗಳವರೆಗೆ ಎಣಿಸಬಹುದು. ಜೊತೆಗೆ, ವಾತಾವರಣದಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ಬಂದ ಸೀಸಿಯಂ-137 ಎಂಬುದು 1963ರ ಸುಮಾರಿನ ಪದರದಲ್ಲಿ ಅತಿ ಹೆಚ್ಚಾಗಿರುತ್ತದೆ. ಅದು ಇನ್ನೊಂದು ಸಾಕ್ಷಿ. ನಮ್ಮ ಕೊಳವೆಯಲ್ಲಿ ಸೀಸದ ಲೆಕ್ಕ ಆ ಕೆಂಪು ಪಟ್ಟಿಯನ್ನು ಎರಡು ಮೂರು ವರ್ಷಗಳ ಹಿಂದುಮುಂದಾಗಿ ಅಜ್ಜಿಯ ಮದುವೆ ಕಾಗದದ ಬಳಿಗೇ ತಂದು ನಿಲ್ಲಿಸಿತು. ಆ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಕಪ್ಪು ಪದರವೆಲ್ಲ ರಸ್ತೆ ಬಂದ ಮೇಲಿನದು. ರಸ್ತೆಯ ಹಿಂದೆ ಮನೆಗಳು ಬಂದವು, ಮನೆಗಳ ಹಿಂದೆ ಬಚ್ಚಲ ನೀರು ತೋಡಿಗೆ ಇಳಿಯಿತು.

ಬಣ್ಣ ಮಾತ್ರ ಸಾಕ್ಷಿಯಲ್ಲ. ಕೆಸರನ್ನು ಅರ್ಧ ಸೆಂಟಿಮೀಟರಿನಂತೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಡಯಾಟಮ್‌ಗಳು ಕಾಣುತ್ತವೆ. ಇವು ಗಾಜಿನಂಥ ಸಿಲಿಕಾ ಕವಚವಿರುವ ಏಕಕೋಶ ಪಾಚಿಗಳು. ಪಾಚಿ ಕೊಳೆತರೂ ಗೆರೆ ಕೊರೆದ ಆ ಪುಟ್ಟ ಡಬ್ಬಿ ಉಳಿಯುತ್ತದೆ. ಮುರಕಲ್ಲು ನೆಲದ ತುಸು ಹುಳಿಯಾದ, ಲವಣ ಕಡಿಮೆಯಿರುವ ನೀರಿನಲ್ಲಿ ಯುನೋಷಿಯಾ ಕುಲದವು ಚೆನ್ನಾಗಿ ಬಾಳುತ್ತವೆ; ಕೊಳಚೆ ನೀರನ್ನು ಸಹಿಸಿಕೊಂಡು ಹೆಚ್ಚುವುದು ನಿಟ್ಸ್‌ಚಿಯಾ ಪೇಲಿಯಾ. ಒಂದರ ಜಾಗಕ್ಕೆ ಇನ್ನೊಂದು ಬಂದ ಪದರ ಯಾವುದೆಂದು ತಿಳಿದರೆ ಕೆರೆ ಕೆಟ್ಟ ಕಾಲವೂ ತಿಳಿಯುತ್ತದೆ. ಯಾರಿಂದ ಕೆಟ್ಟಿತು ಎಂಬುದಕ್ಕೂ ಗುರುತುಗಳಿವೆ. ಮನುಷ್ಯನ ಮಲದಲ್ಲಿ ಹೇರಳವಾಗಿರುವ ಕೊಪ್ರೊಸ್ಟನಾಲ್ ಎಂಬ ಕೊಬ್ಬಿನಂಥ ವಸ್ತು ಕೆಸರಿನಲ್ಲಿ ಬಹುಕಾಲ ಉಳಿಯುತ್ತದೆ. ಸಾರಜನಕದ ಪರಮಾಣುಗಳಲ್ಲಿ ತುಸು ಹೆಚ್ಚು ತೂಕದ ಬಗೆಯೊಂದಿದೆ; ಆ ಭಾರದ ಸಮಸ್ಥಾನಿಯ ಪ್ರಮಾಣ ಕೊಳಚೆಯಿಂದ ಏರುತ್ತದೆ. ಕಾರ್ಖಾನೆಯ ಯೂರಿಯಾ ಗಾಳಿಯ ಸಾರಜನಕದಿಂದಲೇ ಆದದ್ದರಿಂದ ಅದರಲ್ಲಿ ಈ ಪ್ರಮಾಣ ಗಾಳಿಯಲ್ಲಿರುವುದಕ್ಕೆ ಹತ್ತಿರವಿರುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಕೆಸರಿನ ರಂಜಕವನ್ನು ಅಳೆದು ಅದನ್ನೇ ಇತಿಹಾಸವೆಂದು ಓದಬಾರದು. ನಮ್ಮ ಮುರಕಲ್ಲಿನಲ್ಲಿ ಕಬ್ಬಿಣ ಹೇರಳ. ನೀರಿನಲ್ಲಿ ಆಮ್ಲಜನಕ ಇರುವಷ್ಟು ಕಾಲ ಆ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಳದಲ್ಲಿ ಆಮ್ಲಜನಕ ಮುಗಿದರೆ ಹಿಡಿತ ಸಡಿಲಿ, ರಂಜಕ ಮತ್ತೆ ನೀರಿಗೆ ಏರುತ್ತದೆ. ಆದ್ದರಿಂದಲೇ ಹೊರಗಿನ ಕೊಳಚೆಯನ್ನು ನಿಲ್ಲಿಸಿದ ಮೇಲೂ ಕೆಲವು ಕೆರೆಗಳು ವರ್ಷಗಟ್ಟಲೆ ಹಸಿರಾಗಿಯೇ ಇರುತ್ತವೆ. ಹಾಗಾಗಿ ರಂಜಕದ ಅಂಕಿಯನ್ನು ಡಯಾಟಮ್‌ಗಳ ಜೊತೆಗಿಟ್ಟೇ ಓದಬೇಕು.

ಇದು ಈಚಿನ ಕಾಲದ ಕಥೆ ಮಾತ್ರವೂ ಅಲ್ಲ. ಒಂಟಾರಿಯೊದ ಕ್ರಾಫರ್ಡ್ ಸರೋವರದ ತಳದಲ್ಲಿ ವರ್ಷಕ್ಕೊಂದು ಪದರ ಕೂರುತ್ತದೆ. ಶತಮಾನಗಳ ಹಿಂದೆ ಅದರ ಬಳಿ ಮೆಕ್ಕೆಜೋಳ ಬೆಳೆದ ಮೂಲನಿವಾಸಿಗಳ ಊರಿನ ಪ್ರಭಾವ ಪರಾಗದಲ್ಲೂ ಡಯಾಟಮ್‌ಗಳಲ್ಲೂ ದಾಖಲಾಗಿದೆ. ಕೆಟ್ಟ ಕೆರೆ ಚೇತರಿಸಿಕೊಳ್ಳಬಲ್ಲದು ಎಂಬುದಕ್ಕೆ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರವಿದೆ. 1963ರಿಂದ 1968ರೊಳಗೆ ಅದಕ್ಕೆ ಸೇರುತ್ತಿದ್ದ ಒಳಚರಂಡಿ ನೀರನ್ನು ಬೇರೆಡೆಗೆ ತಿರುಗಿಸಿದರು, ನೀರು ತಿಳಿಯಾಯಿತು. ಆದರೆ ಎಷ್ಟು ತಿಳಿಯಾದರೆ ಸಾಕು? ಮೊದಲು ಹೇಗಿತ್ತೆಂದು ಗೊತ್ತಿಲ್ಲದೆ ಗುರಿ ಇಡುವುದು ಹೇಗೆ? ಯುರೋಪಿನ ಒಕ್ಕೂಟ 2000ದಲ್ಲಿ ಮಾಡಿದ ಜಲನೀತಿಯ ಚೌಕಟ್ಟು ಪ್ರತಿ ಬಗೆಯ ಸರೋವರಕ್ಕೂ ಮನುಷ್ಯನ ಹಾವಳಿ ಇಲ್ಲದ ಮೂಲಸ್ಥಿತಿಯನ್ನು ಆಧಾರವಾಗಿ ಕೇಳುತ್ತದೆ. ನಮ್ಮಲ್ಲಿ ಆ ಮೂಲಸ್ಥಿತಿ ಕೆಳಗಿನ ಕಂದು ಮಣ್ಣಿನಲ್ಲಿದೆ, ಹೂಳಿನ ಜೊತೆ ನಾವು ಕಳೆದುಕೊಳ್ಳುತ್ತಿರುವುದೂ ಅದನ್ನೇ.

ಆ ಹಳ್ಳಿಗೆ ಮರುವರ್ಷ ಹೋದೆವು. ಒಂದೇ ಕೊಳವೆಯನ್ನು ನಂಬಿ ತೀರ್ಮಾನಿಸಬಾರದು, ಇನ್ನೆರಡು ಬೇಕಿತ್ತು. ಕೆರೆ ಬತ್ತಿಸಿಯಾಗಿತ್ತು. ಜೆಸಿಬಿಯ ಹಲ್ಲಿನ ಗೆರೆಗಳು ಕೆಳಗಿನ ಹಸಿ ಮುರಕಲ್ಲಿನವರೆಗೂ ಇಳಿದಿದ್ದವು. ಒಂದು ವಾರ ಮೊದಲು ಬಂದಿದ್ದರೆ ಸಾಕಿತ್ತು. ಮಣ್ಣೆಲ್ಲ ಎಲ್ಲಿಗೆ ಹೋಯಿತೆಂದು ಕೇಳಿದಾಗ, ಟಿಪ್ಪರುಗಳಲ್ಲಿ ಯಾವುದೋ ಬಡಾವಣೆಯ ತಗ್ಗು ತುಂಬಲು ಹೋಯಿತೆಂದರು. ಹಿಂದೆ ಈ ಗೋಡುಮಣ್ಣು ತೆಂಗಿನ ಬುಡಕ್ಕೆ, ಅಡಿಕೆ ತೋಟಕ್ಕೆ ಹೋಗುತ್ತಿತ್ತು. ತೋಟದಿಂದ ತೊಳೆದು ಬಂದ ರಂಜಕ ತೋಟಕ್ಕೇ ಮರಳುತ್ತಿತ್ತು. ಈಗ ಚೀಲದಲ್ಲಿ ಕೊಂಡ ರಂಜಕ ಕೆರೆಗೆ ಬಂದು, ಕೆರೆಯಿಂದ ಮನೆಗಳ ಅಡಿಪಾಯದೊಳಗೆ ಸೇರುತ್ತಿದೆ.

ಸಮಯ ಮುಗಿಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಪ್ರತಿ ವರ್ಷ ತೊಳೆಯುವ ದೇವಸ್ಥಾನದ ಪುಷ್ಕರಣಿಗಳ ವಿಚಾರವನ್ನೂ ನೀಲಿ-ಹಸಿರು ಪಾಚಿಯ ವರ್ಣಕಗಳ ವಿಚಾರವನ್ನೂ ಬಿಡುತ್ತೇನೆ. ಪಂಚಾಯಿತಿಯವರು ಇಲ್ಲಿದ್ದೀರಿ, ದಿನಾಂಕ ನಿಗದಿಯಾದಾಗ ಹತ್ತಿರದ ಕಾಲೇಜಿಗೆ ಒಂದು ಫೋನ್ ಮಾಡಿ. ಬೇಕಾದದ್ದು ಒಂದು ಕೊಳವೆ, ಎರಡು ಬಿರಡೆ, ಅರ್ಧ ದಿನ.

ಉದ್ದಕ್ಕೆ ಸೀಳಿ ಉಳಿಸಿಕೊಂಡ ಆ ಕೆರೆಯ ಅರ್ಧ ಕೊಳವೆಯನ್ನು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಹೊರಗೆ ಹೋಗುವಾಗ ನೋಡಿ. ಕೆಂಪು ಪಟ್ಟಿ ನಡುವಿಗಿಂತ ತುಸು ಮೇಲೆ ಸಿಗುತ್ತದೆ. ದಯವಿಟ್ಟು ಎತ್ತಬೇಡಿ, ಆ ಕೆರೆಯದ್ದೆಂದು ಉಳಿದಿರುವುದು ಅದೊಂದೇ.