ಫಸ್ಟ್ ಇಯರ್‌ನವರೇ, ಒಂದು ಪುಟ ಬರೆದುಕೊಂಡು ಬನ್ನಿ

ನಮಸ್ಕಾರ. ಪಿಯುಸಿ ಮುಗಿಸಿ ಈ ವಾರ ಡಿಗ್ರಿಗೆ ಸೇರಿದ ಎಲ್ಲರಿಗೂ ಪ್ರೀತಿಯ ಸ್ವಾಗತ. ನಿಮ್ಮ ಟೈಮ್ ಟೇಬಲ್‌ನಲ್ಲಿ ಬರವಣಿಗೆ ಅಂತ ಒಂದು ಪೀರಿಯಡ್ ಇದೆ, ನೋಡಿರಬಹುದು. ಅದಕ್ಕೆ ಗೈಡ್ ಯಾವುದು, ನೋಟ್ಸ್ ಯಾವಾಗ ಕೊಡ್ತೀರಿ ಅಂತ ಮೊದಲ ದಿನವೇ ಕೇಳುತ್ತೀರಿ. ಗೈಡ್ ಇಲ್ಲ, ನೋಟ್ಸೂ ಇಲ್ಲ. ನೀವು ಬರೆದದ್ದನ್ನೇ ಕ್ಲಾಸಿನಲ್ಲಿ ಓದುತ್ತೇವೆ.

ಇಷ್ಟು ವರ್ಷ ನೀವು ಮಾರ್ಕಿಗೆ ಬರೆದಿರಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಓದುತ್ತಿದ್ದವರು ಮೇಷ್ಟ್ರು ಮಾತ್ರ, ಅವರಿಗೆ ಉತ್ತರ ಮೊದಲೇ ಗೊತ್ತಿತ್ತು. ಈಗ ಪಕ್ಕದ ಬೆಂಚಿನವರು ಓದುತ್ತಾರೆ, ತಮಗೆ ಗೊತ್ತಿಲ್ಲದ್ದು ಏನಾದರೂ ಸಿಗುತ್ತದಾ ಅಂತ ಓದುತ್ತಾರೆ.

'ಮೀನುಗಾರಿಕೆಯು ಕರಾವಳಿಯ ಪ್ರಮುಖ ಉದ್ಯಮವಾಗಿದೆ.' ಇದರಲ್ಲಿ ತಪ್ಪೇನಿಲ್ಲ, ಆದರೆ ಹೀಗೆ ಬರೆಯಲು ಕಡಲನ್ನೇ ನೋಡಿರಬೇಕಾಗಿಲ್ಲ ಅಲ್ವಾ? ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಹೋಗುವವರ ಮಗಳೊಬ್ಬಳು ನಿಮ್ಮ ಕ್ಲಾಸಿನಲ್ಲಿರಬಹುದು. ಆ ಎರಡು ತಿಂಗಳು ಮನೆ ಖರ್ಚು ಹೇಗೆ ನಡೆಯಿತು, ಅಪ್ಪ ಜಗಲಿಯಲ್ಲಿ ಕೂತು ಬಲೆ ಸರಿ ಮಾಡುವಾಗ ಯಾರ ಹತ್ತಿರ ಏನು ಮಾತಾಡಿದರು, ಬೋಟಿನ ಮಾಲೀಕರಿಂದ ಮುಂಗಡ ಎಷ್ಟು ತಂದರು, ಕಾಲೇಜು ಫೀಸು ಕಟ್ಟಿದ್ದು ಯಾವಾಗ, ಇಷ್ಟನ್ನು ಅವಳು ಬರೆದರೆ ಇಡೀ ಕ್ಲಾಸು ಕಿವಿಗೊಟ್ಟು ಕೇಳುತ್ತದೆ. ಆ 61 ದಿನದ ಲೆಕ್ಕ ಪುಸ್ತಕದಲ್ಲಿ ಯಾರಿಗಾದರೂ ಸಿಗುತ್ತದೆ, ಅವಳ ಮನೆಯ ಲೆಕ್ಕ ಸಿಗುವುದಿಲ್ಲ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರೇ ನಿಮ್ಮಲ್ಲಿ ಜಾಸ್ತಿ. ನಮ್ಮ ಕನ್ನಡ ಅಷ್ಟು ಚೆನ್ನಾಗಿಲ್ಲ ಅಂತ ಹಿಂದೆ ಕೂರುತ್ತೀರಿ. ಬೇಡ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ನಮ್ಮ ಇದೇ ಮಂಗಳೂರಿನಿಂದ, ಕಲ್ಲಚ್ಚಿನಲ್ಲಿ ಹೊರಬಂತು. ಅದನ್ನು ತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯವರು, ದೊಡ್ಡವರಾದ ಮೇಲೆ ಕನ್ನಡ ಕಲಿತವರು. ನೀವು ಚಿಕ್ಕಂದಿನಿಂದ ಕನ್ನಡ ಕೇಳುತ್ತಾ ಬೆಳೆದವರು, ನಿಮಗೇಕೆ ಅಂಜಿಕೆ? ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ತುಳುವಿನಲ್ಲಿ 'ದುಂಬು ಪೋಲೆ' (ಮುಂದೆ ಹೋಗಿ) ಅಂದರೆ ಹಾಗೆಯೇ ಬರೆಯಿರಿ, ಓದುವವರಿಗೆ ಅರ್ಥವಾಗುತ್ತದೆ.

ಇನ್ನೊಂದು ಮಾತು. ಮೊದಲ ಸಲ ಬರೆದದ್ದಕ್ಕೆ ನಾನು ಮಾರ್ಕು ಹಾಕುವುದಿಲ್ಲ, ತಿದ್ದಿ ಮತ್ತೆ ಬರೆದದ್ದಕ್ಕೆ ಹಾಕುತ್ತೇನೆ. ಬರೆದದ್ದನ್ನು ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಗೆರೆ ಎಳೆಯಿರಿ. ಮೊದಲ ಪ್ಯಾರಾ ಎಷ್ಟೋ ಸಲ ಸುಮ್ನೆ ಇರುತ್ತದೆ, 'ಇಂದಿನ ಆಧುನಿಕ ಯುಗದಲ್ಲಿ' ಅಂತ ಶುರುವಾಗಿದ್ದರಂತೂ ಧೈರ್ಯವಾಗಿ ಹೊಡೆದು ಹಾಕಿ.

ಮೊದಲ ಕ್ಲಾಸಿಗೆ ಬರುವಾಗ ಒಂದು ಪುಟ ಬರೆದು ತನ್ನಿ. ನಿಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಮಾತ್ರ ನಡೆಯುವ ಒಂದು ಕೆಲಸದ ಬಗ್ಗೆ. ಯಾರು ಮಾಡುತ್ತಾರೆ, ಹೇಗೆ ಮಾಡುತ್ತಾರೆ, ಅಷ್ಟು ಸಾಕು. ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಿರಿ, ತಿದ್ದಲು ಜಾಗ ಬೇಕಾಗುತ್ತದೆ.