ಇಲ್ಲಿ ನೆಲ ನಿಜವಾಗಿಯೂ ಡೊಂಕು

[ಮೇಜಿನ ಮೇಲೆ ಒಂದು ಮರದ ಹಲಗೆ. ಒಂದು ತುದಿಯ ಕೆಳಗೆ ಪುಸ್ತಕ.]

ನಮಸ್ಕಾರ. ಈ ಹಲಗೆ ಒಂದು ಮೀಟರ್ ಉದ್ದ ಇದೆ. ಈ ತುದಿಯ ಕೆಳಗೆ 3 ಸೆಂಟಿಮೀಟರ್ ದಪ್ಪದ ಪುಸ್ತಕ ಇಟ್ಟಿದ್ದೇನೆ. ಸುಮ್ನೆ ನೋಡಿದರೆ ಹಲಗೆ ಮಟ್ಟವಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಈಗ ಇದರ ಮೇಲೆ ಒಂದು ಪೆನ್ಸಿಲ್ ಇಡುತ್ತೇನೆ.

[ಪೆನ್ಸಿಲ್ ಉರುಳಿಕೊಂಡು ಹೋಗಿ ಕೆಳಗೆ ಬೀಳುತ್ತದೆ.]

ಹೋಯಿತು.

ಇದೇ ಪೆನ್ಸಿಲ್ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ ನನ್ನ ಕೈ ತಪ್ಪಿ ಬಿತ್ತು. ಒಂದು ಚಿತ್ರದ ಮುಂದೆ ನಿಂತು ನೋಟ್‌ಬುಕ್‌ನಲ್ಲಿ ಏನೋ ಗೀಚುತ್ತಿದ್ದೆ. ಬಗ್ಗಿ ಎತ್ತಿಕೊಳ್ಳೋಣ ಅಂದರೆ ಪೆನ್ಸಿಲ್ ಅಲ್ಲಿಲ್ಲ. ಇಬ್ಬರು ಮೂವರ ಕಾಲ ಸಂದಿಯಲ್ಲಿ ನುಸುಳಿ ಹೊರಟೇ ಬಿಟ್ಟಿದೆ. ಹತ್ತು ಹೆಜ್ಜೆ ಕೆಳಗೆ ನಿಂತಿದ್ದ ಗಾರ್ಡ್ ತಲೆ ಕೂಡ ತಿರುಗಿಸಲಿಲ್ಲ. ಬೂಟಿನ ತುದಿಯನ್ನು ಸ್ವಲ್ಪ ಮುಂದಿಟ್ಟರು, ಅಷ್ಟೇ. ಪೆನ್ಸಿಲ್ ಹೋಗಿ ಅದಕ್ಕೆ ತಾಗಿ ನಿಂತಿತು. ಆ ಕಾಲಿನ ಅಭ್ಯಾಸ ನೋಡಿದರೆ, ಅದು ತಡೆದ ಮೊದಲ ಪೆನ್ಸಿಲ್ ನನ್ನದಂತೂ ಅಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಹೇಳಿಸಿಕೊಂಡೇ ಬೆಳೆದವರು ನಾವು. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಪಾಪ, ಅವಳ ಪರವಾಗಿ ಯಾರೂ ಒಂದು ಮಾತು ಆಡಿಲ್ಲ. ಇವತ್ತು ನಾನು ಆಡುತ್ತೇನೆ.

ಪ್ರಶ್ನೆ ಇಷ್ಟೇ. ಈ ಮ್ಯೂಸಿಯಂನ ನೆಲ ಇಳಿಜಾರು. ಗೋಡೆ ಹಿಂದಕ್ಕೆ ವಾಲಿದೆ. ಸಾಲದು ಅಂತ ಅದು ಬಾಗಿಯೂ ಇದೆ. ಇಂಥ ಕಡೆ ನಾಲ್ಕು ಮೂಲೆಯ ಚಪ್ಪಟೆ ಚಿತ್ರವನ್ನು ತೂಗುಹಾಕುವುದು ಹೇಗೆ?

[ಶೀರ್ಷಿಕೆ ಪಟ್ಟಿ. ಆಮೇಲೆ ಕಟ್ಟಡದ ಹೊರನೋಟ.]

ಹಿನ್ನೆಲೆ ಬೇಗ ಬೇಗ ಮುಗಿಸುತ್ತೇನೆ. ಸಾಲಮನ್ ಗುಗೆನ್‌ಹೈಮ್ ಭಾರಿ ಶ್ರೀಮಂತರು. ಅವರ ಚಿತ್ರಗಳ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದವರು ಹಿಲ್ಲಾ ರೀಬೇ ಎಂಬ ಕಲಾವಿದೆ. 1943ರಲ್ಲಿ ರೀಬೇ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರಿಗೆ ಪತ್ರ ಬರೆದು, ನಮಗೊಂದು ಮ್ಯೂಸಿಯಂ ಕಟ್ಟಿಕೊಡಿ ಅಂದರು. ಅದು ಮುಗಿಯಲು 16 ವರ್ಷ ಹಿಡಿಯಿತು. ಅಷ್ಟರಲ್ಲಿ, 1949ರಲ್ಲಿ, ಗುಗೆನ್‌ಹೈಮ್ ತೀರಿಕೊಂಡರು. 1952ರಲ್ಲಿ ರೀಬೇ ಹುದ್ದೆ ಬಿಡಬೇಕಾಯಿತು. 1959ರ ಏಪ್ರಿಲ್‌ನಲ್ಲಿ ರೈಟ್ ಕೂಡ ಹೋದರು. ಅದೇ ವರ್ಷ ಅಕ್ಟೋಬರ್ 21ಕ್ಕೆ ಬಾಗಿಲು ತೆರೆಯಿತು. ದುಡ್ಡು ಹಾಕಿದವರೂ ಇಲ್ಲ, ಪ್ಲಾನ್ ಹಾಕಿದವರೂ ಇಲ್ಲ. ಹೀಗೆ ನಡೆಯಿತು ಗೃಹಪ್ರವೇಶ.

ಜಾಗ ಫಿಫ್ತ್ ಅವೆನ್ಯೂ, ಎದುರಿಗೆ ಸೆಂಟ್ರಲ್ ಪಾರ್ಕ್. ಆ ರಸ್ತೆಯ ಉಳಿದ ಕಟ್ಟಡಗಳೆಲ್ಲ ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ ನೆಟ್ಟಗಿವೆ. ನಡುವೆ ಇದೊಂದು ಬಿಳಿ ಬೋಗುಣಿ. ಕೆಳಗೆ ಸಣ್ಣದು, ಮೇಲೆ ಹೋದಂತೆ ಅಗಲ. ಶುರುವಿನಲ್ಲಿ ಜನ ವಾಷಿಂಗ್ ಮೆಷಿನ್ ಅಂತ ನಕ್ಕರು. ಒಳಗೆ ಹೋದರೆ ಒಂದೇ ಒಂದು ರ‍್ಯಾಂಪ್. ಸುಮಾರು 400 ಮೀಟರ್ ಉದ್ದ. ಸುತ್ತಿ ಸುತ್ತಿ ಮೇಲೇರುತ್ತದೆ. ಮಧ್ಯೆ 90 ಅಡಿಗೂ ಜಾಸ್ತಿ ಎತ್ತರದ ಬರೀ ಖಾಲಿ. ನಾನು ಅದನ್ನು ಬಾವಿ ಅಂತ ಕರೆಯುತ್ತೇನೆ. ಬಾವಿಯ ನೆತ್ತಿಯ ಮೇಲೆ ಗಾಜಿನ ಛಾವಣಿ.

ಲಿಫ್ಟ್‌ನಲ್ಲಿ ಮೇಲೆ ಹೋಗಿ, ಚಿತ್ರ ನೋಡುತ್ತಾ ಆರಾಮಾಗಿ ಇಳಿದು ಬನ್ನಿ ಎಂಬುದು ರೈಟ್ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ನಾನು ಹೋದ ದಿನ ಪ್ರದರ್ಶನ ಶುರುವಾಗುತ್ತಿದ್ದದ್ದು ಕೆಳಗಿನಿಂದ. ಹಾಗಾಗಿ 400 ಮೀಟರ್ ಏರಿದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಒಳಗೆ ನಿಂತಾಗ ನನಗೆ ಮೊದಲು ಬಂದ ಯೋಚನೆ, ಇದು ಕಾರ್ ಪಾರ್ಕಿಂಗ್ ರ‍್ಯಾಂಪ್ ಥರ ಇದೆಯಲ್ಲ ಅಂತ. ಛೇ, ದೊಡ್ಡವರ ಕೆಲಸಕ್ಕೆ ಹಾಗನ್ನಬಾರದು ಅಂತ ಸುಮ್ಮನಾದೆ. ಆಮೇಲೆ ಓದಿದರೆ, 1920ರ ದಶಕದಲ್ಲಿ ರೈಟ್ ಮೇರಿಲ್ಯಾಂಡ್‌ನ ಒಂದು ಬೆಟ್ಟದ ಮೇಲೆ ಇಂಥದ್ದೇ ಸುರುಳಿ ಕಟ್ಟಡದ ನಕ್ಷೆ ಮಾಡಿದ್ದರು. ಅದು ಕಾರುಗಳಿಗೇ! ಜನ ಕಾರಿನಲ್ಲಿ ಸುತ್ತುತ್ತಾ ಮೇಲೆ ಹೋಗಬೇಕು, ಸುತ್ತುತ್ತಾ ಇಳಿಯಬೇಕು. ಅದನ್ನು ಯಾರೂ ಕಟ್ಟಲಿಲ್ಲ. ಸುರುಳಿ ಮಾತ್ರ ಅವರ ತಲೆಯಲ್ಲಿ ಉಳಿದುಕೊಂಡಿತು.

[ಮತ್ತೆ ಮೇಜು. ಹಲಗೆಯ ಹಿಂದೆ ಒಂದು ಫೋಟೋ ಫ್ರೇಮ್.]

ಈಗ ಅಸಲಿ ವಿಷಯ. ರ‍್ಯಾಂಪಿನ ಇಳಿಜಾರು ಸುಮಾರು 3%. ಈ ಹಲಗೆಯಷ್ಟೇ. ಎರಡು ಮೀಟರ್ ಅಗಲದ ಒಂದು ಚಿತ್ರ ತಗೊಳ್ಳಿ. ರಸಮಟ್ಟ ಇಟ್ಟು, ಗುಳ್ಳೆ ಸರಿಯಾಗಿ ನಡುವೆ ನಿಲ್ಲುವ ಹಾಗೆ ತೂಗುಹಾಕಿದಿರಿ ಅಂದುಕೊಳ್ಳಿ. ಫ್ರೇಮಿನ ಒಂದು ಕೆಳಮೂಲೆಗಿಂತ ಇನ್ನೊಂದು ಕೆಳಮೂಲೆ ನೆಲದಿಂದ 6 ಸೆಂಟಿಮೀಟರ್ ಜಾಸ್ತಿ ಎತ್ತರದಲ್ಲಿರುತ್ತದೆ. ಕಣ್ಣಿಗೆ ಸೊಟ್ಟ ಕಾಣುವುದು ನೆಲ ಅಲ್ಲ, ಚಿತ್ರ. ಯಾಕೆಂದರೆ ಸುತ್ತಲಿರುವ ನೆಲ, ಪ್ಯಾರಪೆಟ್, ಮೇಲಿನ ಸೂರು, ಎಲ್ಲವೂ ಒಟ್ಟಾಗಿ ಒಂದೇ ಕಡೆ ಓರೆಯಾಗಿವೆ. ಹತ್ತು ಜನ ಸೇರಿ ಒಂದೇ ಸುಳ್ಳು ಹೇಳಿದರೆ ನಿಜ ಹೇಳುವ ಒಬ್ಬನ ಗತಿ ಏನಾಗುತ್ತದೋ, ಆ ಚಿತ್ರದ ಗತಿಯೂ ಅದೇ.

ಸರಿ, ಹಾಗಾದರೆ ನೆಲಕ್ಕೆ ಸಮವಾಗಿ ಹಾಕೋಣ ಅನ್ನಿ. ಫ್ರೇಮ್ ಸರಿ ಕಾಣುತ್ತದೆ. ಆದರೆ ಚಿತ್ರದೊಳಗೆ ಒಂದು ಸಮುದ್ರ ಇದ್ದರೆ ನೀರೆಲ್ಲ ಒಂದು ಕಡೆಗೆ ಚೆಲ್ಲುವ ಹಾಗೆ ನಿಂತಿರುತ್ತದೆ.

ಇದು ನೆಲದ ಕಥೆ. ಇನ್ನು ಗೋಡೆ. ಹೊರಕ್ಕೆ ಬಾಗಿದ ಗೋಡೆಯ ಒಳಮೈಗೆ ಚಪ್ಪಟೆ ಕ್ಯಾನ್ವಾಸ್ ಒತ್ತಿ ಹಿಡಿದರೆ ಎರಡು ಅಂಚು ಮಾತ್ರ ತಾಗುತ್ತವೆ. ನಡುವೆ ಕೈ ತೂರಿಸಬಹುದು. ಮೇಲಾಗಿ ಗೋಡೆ ಹಿಂದಕ್ಕೆ ವಾಲಿರುವುದರಿಂದ ಚಿತ್ರ ನಿಮ್ಮ ಮುಖ ನೋಡದೆ ಸ್ವಲ್ಪ ಸೂರು ನೋಡುತ್ತಿರುತ್ತದೆ.

ಇಷ್ಟೆಲ್ಲ ಚಿತ್ರದ ಕಷ್ಟ. ನಮ್ಮ ಕಾಲಿನ ಕಷ್ಟ ಬೇರೆ. ಗೋಡೆಗೆ ಮುಖ ಮಾಡಿ ನಿಂತರೆ ನಿಮ್ಮ ಎರಡು ಪಾದ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಒಂದು ಸೆಂಟಿಮೀಟರ್ ವ್ಯತ್ಯಾಸ. ಏನು ಮಹಾ ಅನ್ನಿಸಬಹುದು. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಅರ್ಧ ಗಂಟೆ ಕ್ಯೂನಲ್ಲಿ ನಿಂತು ನೋಡಿ. ನಾನು ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಸೊಂಟವನ್ನು ಒಂದು ಕಡೆಗೆ ಹಾಕಿ ನಿಲ್ಲುತ್ತಿದ್ದೆ. ಸುತ್ತ ನೋಡಿದರೆ ಎಲ್ಲರೂ ಹಾಗೇ ನಿಂತಿದ್ದಾರೆ! ಕೆಳಗಿನ ಕಾಲು ಗಟ್ಟಿ, ಮೇಲಿನ ಮೊಣಕಾಲು ಸಡಿಲ. ಇಡೀ ಗ್ಯಾಲರಿ ಕುಣಿಯಲು ಸಜ್ಜಾದ ಹಾಗೆ.

ರೈಟ್ ಇದಕ್ಕೇನಂದರು? ಅವರಿಗೂ ನ್ಯಾಯ ಸಿಗಬೇಕು. ಕಲಾವಿದ ಚಿತ್ರ ಬಿಡಿಸುವಾಗ ಕ್ಯಾನ್ವಾಸ್ ಎಲ್ಲಿರುತ್ತದೆ? ಈಸಲ್ ಅನ್ನುವ ಮರದ ಸ್ಟ್ಯಾಂಡ್ ಮೇಲೆ. ಈಸಲ್ ಹಿಂದಕ್ಕೆ ವಾಲಿರುತ್ತದೆ. ಹಾಗಾಗಿ ಗೋಡೆಯೂ ವಾಲಿರಲಿ, ಚಿತ್ರ ಹುಟ್ಟಿದ ಭಂಗಿಯಲ್ಲೇ ಕಾಣಲಿ. ಇದು ಅವರ ವಾದ. ಕೇಳಿದ ಕೂಡಲೇ ನಾನು ಒಪ್ಪಿಬಿಟ್ಟಿದ್ದೆ. ಆಮೇಲೆ ಹೊಳೆಯಿತು, ಈಸಲ್ ಇಡುವ ನೆಲವಾದರೂ ಮಟ್ಟವಾಗಿರುತ್ತದಲ್ಲ ಸ್ವಾಮಿ?

ಕಲಾವಿದರು ಒಪ್ಪಲೇ ಇಲ್ಲ. 1956ರಲ್ಲಿ, ಕಟ್ಟಡದ ಕೆಲಸ ಆಗಷ್ಟೇ ಶುರುವಾಗಿದ್ದಾಗ, 21 ಮಂದಿ ಸಹಿ ಹಾಕಿ ಮ್ಯೂಸಿಯಂಗೆ ದೂರು ಬರೆದರು. ಸಣ್ಣಪುಟ್ಟವರಲ್ಲ. ವಿಲ್ಲೆಮ್ ಡಿ ಕೂನಿಂಗ್, ಫ್ರಾಂಜ್ ಕ್ಲೈನ್, ರಾಬರ್ಟ್ ಮದರ್‌ವೆಲ್ ಎಲ್ಲ ಅದರಲ್ಲಿದ್ದರು. ಬಾಗಿದ ಗೋಡೆ, ಇಳಿಜಾರು ರ‍್ಯಾಂಪ್, ಇದರಲ್ಲಿ ನಮ್ಮ ಚಿತ್ರಗಳನ್ನು ತೋರಿಸಲು ಆಗದು ಎಂಬುದು ಅವರ ತಕರಾರು. ಆಗಿನ ನ್ಯೂಯಾರ್ಕಿನಲ್ಲಿ ಕ್ಯಾನ್ವಾಸ್‌ಗಳು ದಿನೇ ದಿನೇ ದೊಡ್ಡದಾಗುತ್ತಿದ್ದವು. ಈ ರ‍್ಯಾಂಪಿನಲ್ಲಿ ಹಿಂದೆ ಸರಿದು ನೋಡೋಣ ಅಂದರೆ ನಾಲ್ಕು ಹೆಜ್ಜೆಗೆ ಬೆನ್ನಿಗೆ ಪ್ಯಾರಪೆಟ್ ತಾಗುತ್ತದೆ. ಅದರಾಚೆ ಬಾವಿ.

ಕೊನೆಗೆ ದಾರಿ ಹುಡುಕಿದವರು ಆಗಿನ ನಿರ್ದೇಶಕ ಜೇಮ್ಸ್ ಜಾನ್ಸನ್ ಸ್ವೀನಿ. ಗೋಡೆಯಿಂದ ಲೋಹದ ಸರಳುಗಳನ್ನು ಹೊರಚಾಚಿ, ಅವುಗಳ ತುದಿಗೆ ಚಿತ್ರ ಸಿಕ್ಕಿಸಿದರು. ಚಿತ್ರ ಗೋಡೆಗೆ ತಾಗುವುದೇ ಇಲ್ಲ. ಗಾಳಿಯಲ್ಲಿ ನೆಟ್ಟಗೆ ನಿಂತಿರುತ್ತದೆ. ಗೋಡೆಗೆಲ್ಲ ಬಿಳಿ ಬಣ್ಣ ಬಳಿಸಿದರು. ಗೋಡೆಯ ಮೇಲಂಚಿನಲ್ಲಿ ಹಗಲ ಬೆಳಕಿಗೆ ಅಂತ ರೈಟ್ ಬಿಟ್ಟಿದ್ದ ಸಂದಿಯನ್ನು ಬಿಟ್ಟು ವಿದ್ಯುತ್ ದೀಪ ಹಾಕಿಸಿದರು. ರೈಟ್ ಬದುಕಿದ್ದಿದ್ದರೆ ಜಗಳ ಕೋರ್ಟಿನ ಮೆಟ್ಟಿಲು ಹತ್ತುತ್ತಿತ್ತು ಅಂತ ನನ್ನ ಅನಿಸಿಕೆ. ಸ್ವೀನಿಯೂ ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು.

ಹಾಗಾದರೆ ಈ ಕಟ್ಟಡ ಫೇಲಾ? ನಾನೂ ಮೂರನೇ ಸುತ್ತಿನವರೆಗೆ ಹಾಗೇ ಅಂದುಕೊಂಡಿದ್ದೆ. ಅಲ್ಲಿ ಸುಸ್ತಾಗಿ ಪ್ಯಾರಪೆಟ್‌ಗೆ ಒರಗಿ ನಿಂತು ಆಚೆ ಬದಿ ನೋಡಿದೆ. ಬಾವಿಯ ಆ ಕಡೆ, ಆಗತಾನೇ ನೋಡಿ ಬಂದಿದ್ದ ಚಿತ್ರಗಳು ಸಾಲಾಗಿ ಕಾಣುತ್ತಿದ್ದವು. ಹತ್ತಿರದಿಂದ ಬರೀ ಬಣ್ಣದ ಗೀಟು ಅನ್ನಿಸಿದ್ದು ಇಲ್ಲಿಂದ ಆಕಾರ ಪಡೆದಿತ್ತು. ಅದರ ಮುಂದೆ ಒಬ್ಬ ಹುಡುಗ ಸೊಂಟ ಸೊಟ್ಟ ಮಾಡಿಕೊಂಡು ನಿಂತಿದ್ದ. ನೋಡಿದ ಚಿತ್ರ ಮತ್ತೆ ಮತ್ತೆ ಎದುರು ಸಿಗುತ್ತದೆ, ಪ್ರತಿ ಸಲ ಬೇರೆ ದೂರದಿಂದ. ಕೋಣೆಯಿಂದ ಕೋಣೆಗೆ ದಾಟುವ ಮ್ಯೂಸಿಯಂನಲ್ಲಿ ಬೆನ್ನು ತಿರುಗಿಸಿದರೆ ಚಿತ್ರದ ಕಥೆ ಮುಗಿಯಿತು.

ಇನ್ನೊಂದು ಅನುಮಾನವೂ ಅಲ್ಲೇ ಹುಟ್ಟಿತು. ರೀಬೇ ಈ ಮ್ಯೂಸಿಯಂ ಕೇಳಿದ್ದು ಕಾಂಡಿನ್ಸ್ಕಿ ಥರದವರ ಅಮೂರ್ತ ಚಿತ್ರಗಳಿಗಾಗಿ. ಅವುಗಳಲ್ಲಿ ಸಮುದ್ರವಿಲ್ಲ, ಮೇಜಿಲ್ಲ, ಮನೆಯಿಲ್ಲ. ವೃತ್ತಗಳು, ಗೆರೆಗಳು ತೇಲುತ್ತಿರುತ್ತವೆ. ತೇಲುವುದಕ್ಕೆ ಯಾವ ನೆಲ ಡೊಂಕು? ಅದೇ ಊರು, ಬೆಟ್ಟ ಬಿಡಿಸಿದ ಪಿಸಾರೋ, ಸೆಜಾನ್ ಅವರ ಚಿತ್ರಗಳು ಇರುವುದು ಪಕ್ಕದ ನೆಟ್ಟಗಿನ ಗೋಡೆಯ ಕೋಣೆಗಳಲ್ಲಿ. ಅಲ್ಲಿಗೆ ಕಾಲಿಟ್ಟ ಕೂಡಲೇ ನನ್ನ ಮೊಣಕಾಲು ಕೂಡ ನಿಟ್ಟುಸಿರು ಬಿಟ್ಟಿತು.

ಆಮೇಲಿನ ಕಲಾವಿದರು ಗೋಡೆಯ ಆಸೆಯನ್ನೇ ಬಿಟ್ಟು ಬಾವಿಗೆ ಕೈ ಹಾಕಿದರು. 1971ರಲ್ಲಿ ಫ್ರಾನ್ಸಿನ ದಾನಿಯೆಲ್ ಬ್ಯುರೆನ್ ಸುಮಾರು 20 ಮೀಟರ್ ಉದ್ದ, 10 ಮೀಟರ್ ಅಗಲದ ಪಟ್ಟೆಪಟ್ಟೆ ಬಟ್ಟೆಯನ್ನು ಮೇಲಿನಿಂದ ಬಾವಿಯ ನಡುವೆ ಇಳಿಬಿಟ್ಟರು. ಅದೇ ಪ್ರದರ್ಶನದಲ್ಲಿದ್ದ ಡೊನಾಲ್ಡ್ ಜಡ್, ಡ್ಯಾನ್ ಫ್ಲೇವಿನ್ ಮುಂತಾದವರಿಗೆ ಸಿಟ್ಟು ಬಂತು. ಇದು ನಮ್ಮ ಕೆಲಸವನ್ನು ಮರೆಮಾಡುತ್ತದೆ ಅಂತ ತಕರಾರು. ಮ್ಯೂಸಿಯಂ ಪ್ರದರ್ಶನ ಶುರುವಾಗುವ ಮೊದಲೇ ಬಟ್ಟೆ ಇಳಿಸಿಬಿಟ್ಟಿತು. ತಮಾಷೆ ನೋಡಿ. ಆಚೆ ಬದಿಯ ಚಿತ್ರ ಕಾಣುವುದು ಈ ಕಟ್ಟಡದ ದೊಡ್ಡ ಗುಣ ಅಂದೆನಲ್ಲ, ಬ್ಯುರೆನ್ ಒಂದು ಬಟ್ಟೆಯಿಂದ ಅದಕ್ಕೇ ಪರದೆ ಎಳೆದರು. 2005ರಲ್ಲಿ ಅದೇ ಮ್ಯೂಸಿಯಂ ಅವರನ್ನು ಮತ್ತೆ ಕರೆಯಿತು. ಈ ಸಲ ಅವರು ಬಾವಿಯೊಳಗೆ ಎತ್ತರಕ್ಕೆ ಕನ್ನಡಿಗಳನ್ನು ನಿಲ್ಲಿಸಿದರು.

2011ರಲ್ಲಿ ಇಟಲಿಯ ಮೌರಿಝಿಯೊ ಕಟೆಲಾನ್ ಇನ್ನೂ ಮುಂದೆ ಹೋದರು. ತಮ್ಮ ಹೆಚ್ಚುಕಡಿಮೆ ಎಲ್ಲ ಕೃತಿಗಳನ್ನು, ಒಟ್ಟು 128, ಹಗ್ಗ ಕಟ್ಟಿ ಬಾವಿಯ ನಡುವೆ ನೇತು ಹಾಕಿದರು. ಸತ್ತ ಮೇಲೆ ಚರ್ಮದೊಳಗೆ ತುಂಬಿಸಿ ಉಳಿಸಿದ ಕುದುರೆ, ಉಲ್ಕೆ ಬಡಿದು ಬಿದ್ದ ಪೋಪ್, ಎಲ್ಲ ಮಳೆಗಾಲದಲ್ಲಿ ಒಣಹಾಕಿದ ಬಟ್ಟೆಯ ಹಾಗೆ. ರ‍್ಯಾಂಪಿನ ಗೋಡೆಗಳು ಪೂರ್ತಿ ಖಾಲಿ. ಅದರ ಫೋಟೋಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 55 ವರ್ಷದ ತಕರಾರಿಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಕಂಡಿಲ್ಲ.

[ಗಡಿಯಾರ ತೋರಿಸುತ್ತಾ.]

ಟೈಮ್ ಓಡಿಹೋಯಿತು. ಉಳಿದದ್ದು ಒಂದೇ ಉಸಿರಿನಲ್ಲಿ. ಹಿಂದೆ ಕಾಣುವ ನೆಟ್ಟಗಿನ ಟವರ್ ಆಮೇಲೆ ಸೇರಿಸಿದ್ದು, 1992ರದು. 1985ರಲ್ಲಿ ಅದರ ಮೊದಲ ಪ್ಲಾನ್ ಹೊರಬಂದಾಗ, ಬೋಗುಣಿ ಕಮೋಡ್, ಇದು ಅದರ ಫ್ಲಶ್ ಟ್ಯಾಂಕ್ ಅಂತ ಜನ ಆಡಿಕೊಂಡರು. ಆದರೆ ದೊಡ್ಡ ಕ್ಯಾನ್ವಾಸ್‌ಗೆ ಮಟ್ಟದ ನೆಲ ಸಿಕ್ಕಿದ್ದು ಅದರಿಂದ. ಹೊರಗೋಡೆಯ ಕಾಂಕ್ರೀಟ್ ಶುರುವಿನಿಂದಲೇ ಬಿರುಕು ಬಿಟ್ಟಿತ್ತು. 2005ರಿಂದ 2008ರವರೆಗೆ ದುರಸ್ತಿ ಮಾಡಿದಾಗ 11 ಪದರ ಬಣ್ಣ ಕೆರೆದು ತೆಗೆಯಬೇಕಾಯಿತು. 2019ರಲ್ಲಿ ರೈಟ್ ಅವರ ಇನ್ನೂ ಏಳು ಕಟ್ಟಡಗಳ ಜೊತೆ ಇದು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಇಲ್ಲೇ ನಡೆದ, ಜೇಮ್ಸ್ ಟರೆಲ್ ಎಂಬ ಕಲಾವಿದರ ಬೆಳಕಿನ ಪ್ರದರ್ಶನದ ಬಗ್ಗೆ ಹೇಳಲು ಈಗ ಆಗುವುದಿಲ್ಲ, ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ.

ಅವತ್ತು ರಾತ್ರಿ ಹೋಟೆಲ್ ಕೋಣೆಗೆ ಬಂದು ಹಾಸಿಗೆ ಮೇಲೆ ಬಿದ್ದೆ. ಎದುರಿನ ಗೋಡೆಯಲ್ಲಿ ಒಂದು ಹಡಗಿನ ಚಿತ್ರ. ಸೊಟ್ಟ ಇತ್ತು. ಮೊದಲು ಸುಮ್ಮನಿದ್ದೆ, ಆಮೇಲೆ ತಡೆಯಲಾಗದೆ ಎದ್ದು ಸರಿ ಮಾಡಿದೆ. ಮತ್ತೆ ಮಲಗಿ ನೋಡಿದರೂ ಏನೋ ಅನುಮಾನ. ಫೋನಿನಲ್ಲಿರುವ ರಸಮಟ್ಟ ತೆಗೆದು ಫ್ರೇಮಿನ ಮೇಲಿಟ್ಟೆ. ಮೊದಲು ಇದ್ದದ್ದೇ ಸರಿ ಇತ್ತು. ಈಗ ನೀರೆಲ್ಲ ಎಡಕ್ಕೆ ಚೆಲ್ಲುತ್ತಿತ್ತು. ಮತ್ತೆ ಎದ್ದು ತಿದ್ದುವ ತಾಕತ್ತು ನನ್ನ ಕಾಲಿಗೆ ಇರಲಿಲ್ಲ.